ಹೊಸ ಸಿಮೇಕ್, ಹಳೆಯ ಆಡಿಯೋ ಲೈಬ್ರರಿ

ಮುಕ್ತ ಆಕರದ ಆಡಿಯೋ ತಂತ್ರಾಂಶವನ್ನು ಬಿಲ್ಡ್ ಮಾಡುವಾಗ (ಅಂದರೆ ಆಕರ ಸಂಕೇತದಿಂದ ಓಡುವ ತಂತ್ರಾಂಶ ತಯಾರಿಸುವಾಗ), ಬಿಲ್ಡ್‌ಗೆ ಸಿದ್ಧತೆ ಮಾಡುವ ಸಾಧನವಾದ ಸಿಮೇಕ್ ಆರಂಭದಲ್ಲೇ ಮುನಿಸಿಕೊಂಡರೆ ಮೊದಲು ಅದರ ಆವೃತ್ತಿ ನೋಡಿ. 2025ರಲ್ಲಿ ಬಂದ ಸಿಮೇಕ್ 4.0, ತನ್ನ 3.5ಕ್ಕಿಂತ ಹಳೆಯ ಆವೃತ್ತಿಗಳಿಗೆಂದು ಬರೆದ ಬಿಲ್ಡ್ ಕಡತಗಳ ಜೊತೆಗಿನ ಹೊಂದಾಣಿಕೆಯನ್ನು ಕೈಬಿಟ್ಟಿದೆ. ಎಷ್ಟೋ ಸಲ ತೊಂದರೆ ಮುಖ್ಯ ತಂತ್ರಾಂಶದ್ದಲ್ಲ, ಅದರೊಳಗೆ ಸೇರಿಸಿಟ್ಟ ಯಾವುದೋ ಹಳೆಯ ಕೊಡೆಕ್ (ಧ್ವನಿಯನ್ನು ಸಂಕುಚಿಸುವ, ಬಿಚ್ಚುವ) ಲೈಬ್ರರಿಯದು. ದೋಷ ಸಂದೇಶದಲ್ಲಿರುವ ಕಡತದ ಹೆಸರು ಓದಿದರೆ ಗೊತ್ತಾಗುತ್ತದೆ. ಆ ಲೈಬ್ರರಿಯ ಹೊಸ ಆವೃತ್ತಿ ತರುವುದೇ ಸರಿಯಾದ ದಾರಿ. ಪಾಲಿಸಿಯ (ಸಿಮೇಕ್ ಯಾವ ಆವೃತ್ತಿಯಂತೆ ವರ್ತಿಸಬೇಕೆಂಬ ನಿಯಮದ) ಕನಿಷ್ಠ ಆವೃತ್ತಿ 3.5 ಎಂದು ಆಜ್ಞೆಯಲ್ಲೇ ಕೊಟ್ಟು ದಾಟಬಹುದು, ಆದರೆ ಅದು ಬರೀ ತೇಪೆ.

ಸಂಕೇತವನ್ನು ಯಂತ್ರಭಾಷೆಗೆ ತರುವ ಕಂಪೈಲರ್ ಬದಲಿಸಿದರೆ ಬಿಲ್ಡ್ ಫೋಲ್ಡರನ್ನೂ ಹೊಸದಾಗಿ ಮಾಡಿ. ಸಿಮೇಕ್ ತನ್ನ ಸೆಟ್ಟಿಂಗ್ ಉಳಿಸಿಡುವ, ಹಳೆಯದರ ಕ್ಯಾಶ್‌ನಲ್ಲಿ ಹಿಂದಿನ ಕಂಪೈಲರ್‌ನ ವಿಳಾಸವೇ ಕುಳಿತಿರುತ್ತದೆ. ಲಿನಕ್ಸ್‌ನಲ್ಲಿ ಬಿಲ್ಡ್ ಮುಗಿದರೂ ಧ್ವನಿ ಸಾಧನ ಕಾಣದಿದ್ದರೆ, ಅಲ್ಸಾದ (ಲಿನಕ್ಸ್‌ನ ಧ್ವನಿ ವ್ಯವಸ್ಥೆಯ) ಡೆವ್ ಪ್ಯಾಕೇಜ್, ಅಂದರೆ ಬಿಲ್ಡ್‌ಗೆ ಬೇಕಾದ ಕಡತಗಳ ಕಟ್ಟು, ಇದೆಯೇ ಪರೀಕ್ಷಿಸಿ. ಇಲ್ಲದಿದ್ದರೆ ಹಾಕಿಕೊಂಡು ಮತ್ತೆ ಕಾನ್ಫಿಗರ್ ಮಾಡಿ.