ಹುತ್ತರಿಗೆ ಮಕ್ಕಳದ್ದೇ ಕದಿರು: ಬಕೆಟ್ ಭತ್ತದ ನನ್ನ ಅನುಭವ

ಬಕೆಟ್ಟಿನಲ್ಲಿ ಭತ್ತ ಬೆಳೆದು, ನಮ್ಮ ಕೊಡಗಿನ ಸುಗ್ಗಿ ಹಬ್ಬ ಹುತ್ತರಿಯ ರಾತ್ರಿ ಮಕ್ಕಳ ಕೈಯಿಂದಲೇ ಕದಿರು (ಹೊಸ ಭತ್ತದ ತೆನೆ) ತೆಗೆಸುತ್ತೇನೆ ಅಂದಾಗ ಮನೆಯಲ್ಲಿ ಯಾರೂ ನಂಬಲಿಲ್ಲ. "ಸಣ್ಣದು ಆ ಹೊತ್ತಿಗೆ ನಿದ್ದೆ ಹೋಗಿರುತ್ತೆ" ಅಂದರು ಕೆಲವರು. "ಬಕೆಟ್ಟಿನಲ್ಲಿ ಬರೋದು ಬರೀ ಜೊಳ್ಳು" ಅಂದರು ಉಳಿದವರು. ಕಳೆದ ಹುತ್ತರಿಗೆ ನಾಲ್ಕು ಬಕೆಟ್ಟಿನಲ್ಲೂ ಗಟ್ಟಿ ಕಾಳು ಬಂತು. ನಾಲ್ಕು ವರ್ಷದ ಮಗಳೂ ಏಳು ವರ್ಷದ ಮಗನೂ ಕಣ್ಣು ಬಿಟ್ಟುಕೊಂಡು ನಿಂತು ತಮ್ಮ ಕದಿರು ತೆಗೆದರು.

ಇದಕ್ಕೆ ಕೈ ಹಾಕಲು ಮೊದಲ ಕಾರಣ ದುಡ್ಡು. ಹುತ್ತರಿಯಿಂದ ಕ್ರಿಸ್‌ಮಸ್ ರಜೆ ಮುಗಿಯುವವರೆಗೆ ಪಟಾಕಿ, ಆಟಿಕೆ ಅಂತ ಏಳೆಂಟು ಸಾವಿರ ಹೋಗುತ್ತಿತ್ತು. ಎರಡೂವರೆ ಸಾವಿರ ಕೊಟ್ಟು ತಂದ ರಿಮೋಟ್ ಕಾರು ಒಂದು ವಾರ ಓಡಿದರೆ ಹೆಚ್ಚು. ಅದಕ್ಕಿಂತ ಜಾಸ್ತಿ ಕೊರೆಯುತ್ತಿದ್ದದ್ದು ಬೇರೆ: ಹಬ್ಬದಲ್ಲಿ ಮಕ್ಕಳಿಗೆ ಕೆಲಸವೇ ಇರಲಿಲ್ಲ. ದೊಡ್ಡವರು ಓಡಾಡುತ್ತಿದ್ದರು, ಇವರು ಸುಮ್ನೆ ಮೊಬೈಲ್ ಹಿಡಿದು ಸೋಫಾದಲ್ಲಿ. ನಮ್ಮ ಗದ್ದೆ ಪಾಳು ಬಿದ್ದು ಸುಮಾರು ವರ್ಷವಾಯಿತು. ಆನೆ ಕಾಟ, ಆಳು ಸಿಗಲ್ಲ, ನಿಮಗೆ ಗೊತ್ತಿರೋದೇ. ಕದಿರಿಗೆ ಪಕ್ಕದವರ ಗದ್ದೆಗೇ ಹೋಗಬೇಕು.

ಮೊದಲ ವರ್ಷ ಐಆರ್-64 ಹಾಕಿದೆವು. ಅದು ನಾಲ್ಕು ತಿಂಗಳ ತಳಿ. ಅಕ್ಟೋಬರಿನಲ್ಲೇ ಹಣ್ಣಾಗಿ ನಿಂತಿತು, ಹುತ್ತರಿಗೆ ಇನ್ನೂ ತಿಂಗಳ ಮೇಲಿತ್ತು. ರಾಟವಾಳ ಹಕ್ಕಿಗಳು ಹಿಂಡಾಗಿ ಬಂದು ಎರಡೇ ದಿನದಲ್ಲಿ ಖಾಲಿ ಮಾಡಿದವು. ಮಗ ಅತ್ತಿದ್ದು ನೋಡಲಾಗಲಿಲ್ಲ. ಮರುವರ್ಷ ಸಿಲ್ವರ್ ಓಕ್ ನೆರಳಿನಲ್ಲಿಟ್ಟ ಬಕೆಟ್ಟುಗಳು ಬರೀ ಎಲೆ ಬಿಟ್ಟವು. ಅಂಗಳದಲ್ಲಿಟ್ಟ ಒಂದು ಚೆನ್ನಾಗಿತ್ತು, ಅದನ್ನು ಹಸು ತಿಂದಿತು. ಆ ವರ್ಷ ಮಣ್ಣು, ಬಲೆ, ಹೊಸ ಬಕೆಟ್ ಅಂತ ಒಂದೂವರೆ ಸಾವಿರ ನೀರಿಗೆ ಹಾಕಿದಂತಾಯಿತು. "ಈಗಲಾದರೂ ಸಾಕು ಮಾಡು" ಅಂದರು. ಮಾಡಲಿಲ್ಲ.

ಕೈ ಹಿಡಿದದ್ದು ಇಂಟಾನ್ ತಳಿ. ಐದು ತಿಂಗಳ ಮೇಲಿನ ಬೆಳೆ, ಬೆಂಕಿ ರೋಗಕ್ಕೂ ಅಷ್ಟು ಬೇಗ ಬಗ್ಗುವುದಿಲ್ಲ. ಜೂನ್ ಕೊನೆಗೆ ಬಿತ್ತಿದ ಅಗೆಯನ್ನು (ಭತ್ತದ ಸಸಿ) ಪಕ್ಕದ ಮನೆಯವರಿಂದ ತಂದು, ಅವರ ಗದ್ದೆಯಲ್ಲಿ ನಾಟಿಯಾದ ದಿನವೇ ನಮ್ಮ ಬಕೆಟ್ಟಿನಲ್ಲೂ ನೆಟ್ಟೆವು. ಇಪ್ಪತ್ತು ಲೀಟರಿನ ಹಳೇ ಪೇಂಟ್ ಬಕೆಟ್, ತಲಾ ಐವತ್ತು ರೂಪಾಯಿ ಇರಬೇಕು. ತೂತು ತಳದಲ್ಲಿ ಬೇಡ, ಬಾಯಿಯಿಂದ ನಾಲ್ಕು ಬೆರಳು ಕೆಳಗೆ ಪಕ್ಕದಲ್ಲಿ ಕೊರೆಯಿರಿ. ನಮ್ಮ ಮಳೆಗೆ ಅದಿಲ್ಲದಿದ್ದರೆ ಮಣ್ಣೇ ಹೊರಗೆ ಬರುತ್ತೆ. ಗದ್ದೆ ಮಣ್ಣೇ ಆಗಬೇಕು, ಗೊಬ್ಬರ ಒಂದು ಬೊಗಸೆಗಿಂತ ಜಾಸ್ತಿ ಬೇಡ. ತೆನೆ ಹಾಲು ಕಟ್ಟುವಾಗ ಹಕ್ಕಿ ಬಾರದಂತೆ ಏನು ಮಾಡುತ್ತೇನೆ ಅನ್ನುವುದನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಬಲೆಯಂತೂ ಅಲ್ಲ.

ಬಕೆಟ್ಟಿನಿಂದ ಮಳೆಗಾಲದ ಎಲ್ಲ ಹಬ್ಬಕ್ಕೂ ಮಕ್ಕಳಿಗೆ ಒಂದು ಕೊಂಡಿ ಸಿಕ್ಕಿತು. ಸೆಪ್ಟೆಂಬರಿನ ಆಯುಧ ಪೂಜೆ ಕೈಲ್ ಪೊಳ್ದ್‌ಗೆ ಕೋವಿ, ಕತ್ತಿಗಳ ಸಾಲಿನಲ್ಲಿ ಇವರ ಪುಟ್ಟ ಕೈಗುದ್ದಲಿಗೂ ತೋಕ್ ಪೂ ಇಟ್ಟು ಪೂಜೆ ಮಾಡಿದೆವು. ಆ ಕೆಂಪು-ಹಳದಿ ಹೂವನ್ನು ಮುಟ್ಟಿದ ಮೇಲೆ ಕೈ ತೊಳೆಸಿ, ಗಿಡದಲ್ಲಿ ವಿಷ ಇದೆ.

ಹುತ್ತರಿ ದಿನದ ದೊಡ್ಡ ಚಿಂತೆ ನಿದ್ದೆ. ಪಾಡಿ ಇಗ್ಗುತ್ತಪ್ಪ ದೇವಸ್ಥಾನದಲ್ಲಿ ನಿಗದಿಯಾಗುವ ಮುಹೂರ್ತ ರಾತ್ರಿಯದ್ದು. ನೆರೆ (ಎಲೆಗಳ ಕಟ್ಟು) ಕಟ್ಟಿ, ಕದಿರು ತೆಗೆದು, ಊಟಕ್ಕೆ ಕೂರುವಾಗ ಒಂಬತ್ತು, ಹತ್ತು ಗಂಟೆ. ಮಧ್ಯಾಹ್ನ ಮೂರಕ್ಕೆ ಮಲಗಿಸಿದೆ, ಐದೂವರೆಗೆ ಎಬ್ಬಿಸಿದೆ. ಆಮೇಲೆ ಒಂದು ನಿಮಿಷವೂ ಕೈ ಖಾಲಿ ಬಿಡಲಿಲ್ಲ. ನೆರೆಗೆ ಬೇಕಾದ ಅರಳಿ, ಮಾವು ಮತ್ತೆ ಉಳಿದ ಎಲೆಗಳನ್ನು ಬೇರೆ ಬೇರೆ ಗುಡ್ಡೆ ಮಾಡುವುದು ಮಗನ ಪಾಲು. ತಂಬಿಟ್ಟಿಗೆ ಬಾಳೆಹಣ್ಣು ಕಿವುಚುವುದು ಮಗಳದ್ದು. ಮೊಣಕೈವರೆಗೂ ಬಾಳೆಹಣ್ಣು, ಮೂಗಿನ ಮೇಲೆ ಹುರಿದಕ್ಕಿ ಹಿಟ್ಟು, ಆದರೆ ಒಂದು ಗಂಟು ಬಿಡದಂತೆ ಕಿವುಚಿದಳು. ಅಷ್ಟು ನಯವಾದ ತಂಬಿಟ್ಟು ನಮ್ಮ ಮನೆಯಲ್ಲಿ ಹಿಂದೆ ಆಗಿರಲಿಲ್ಲ.

ಪದ್ಧತಿ ಬದಲಿಸಲಿಲ್ಲ. ಮನೆಯ ಕದಿರನ್ನು ಹಿರಿಯರು ಗದ್ದೆಯಲ್ಲೇ ತೆಗೆದರು, ಕೋವಿ ಹಾರಿತು. ಮನೆಗೆ ಬಂದ ಮೇಲೆ ಮಕ್ಕಳ ಸರದಿ. ಕಾಗದದ ಕತ್ತರಿಗೆ ಭತ್ತದ ದಂಟು ಬಗ್ಗುವುದಿಲ್ಲ, ಜಾರುತ್ತೆ. ಹಲ್ಲಿರುವ ಸಣ್ಣ ಕುಡುಗೋಲೇ ಬೇಕು, ಅವರ ಕೈ ಮೇಲೆ ನಮ್ಮ ಕೈ. ಬೆಸ ಸಂಖ್ಯೆಯಲ್ಲೇ ತೆಗೆಯಬೇಕಲ್ವಾ, ಮಗ ಜೋರಾಗಿ ಎಣಿಸಿದ. "ಪೊಲಿ ಪೊಲಿ ದೇವಾ" ಅಂತ ಇಬ್ಬರೂ ಕೂಗಿದ್ದು ಪಕ್ಕದ ಮನೆಗೆ ಕೇಳಿಸಿತಂತೆ. ಆ ಕದಿರನ್ನು ಸೈಕಲ್ಲಿಗೆ, ಮಂಚಕ್ಕೆ, ನಾಯಿ ಗೂಡಿಗೆ ಕಟ್ಟಿದರು. ಮೊದಲು ಬೇಡ ಅಂದಿದ್ದ ಅತ್ತೆ ತಾವೇ ಒಂದು ಕದಿರು ಕೇಳಿ ಪಡೆದು ಬಾವಿಗೆ ಕಟ್ಟಿಸಿದರು.

ರಜೆಯಲ್ಲಿ ಇನ್ನೂ ಎರಡು ಪ್ರಯೋಗ ನಡೆಯಿತು. ಕೋಲಾಟಕ್ಕೆ ಕಾಫಿ ಕೊಂಬೆಯ ಕೋಲು ಮಾಡಿದೆ. ತುಂಬಾ ಭಾರ, ಬೆರಳಿಗೆ ಬಿದ್ದರೆ ಕಥೆ ಮುಗಿಯಿತು. ಬೆತ್ತದ್ದೇ ಒಳ್ಳೆಯದು, ಒಂದು ಗೇಣಿಗಿಂತ ಸ್ವಲ್ಪ ಉದ್ದ ಸಾಕು. ಇನ್ನೊಂದು, ಕೊಡಗಿನ ಕಿತ್ತಳೆ ಸಿಪ್ಪೆಯ ದೀಪ. ಸಿಪ್ಪೆ ಸಡಿಲ ಇರುವುದರಿಂದ ಮಕ್ಕಳೇ ಅರ್ಧ ಬಟ್ಟಲಿನ ಹಾಗೆ ಬಿಡಿಸುತ್ತಾರೆ. ಎಣ್ಣೆ ಹಾಕಿ ಹತ್ತಿಬತ್ತಿ ಇಟ್ಟರೆ ಉರಿಯುತ್ತೆ, ಆದರೆ ಮಗುಚುತ್ತೆ. ಮರಳಿನ ತಟ್ಟೆಯಲ್ಲಿ ಹೂತಿಟ್ಟ ಮೇಲೆ ನಿಂತಿತು. ಕ್ರಿಸ್‌ಮಸ್ಸಿಗೆ ಪಕ್ಕದ ಮನೆ ಮಕ್ಕಳೂ ಬಂದು ಜಗಲಿ ತುಂಬಾ ಹಚ್ಚಿದರು, ಕೇಕ್ ಅವರು ತಂದರು.

ಒಟ್ಟು ಖರ್ಚು ಸಾವಿರದ ಒಳಗೆ. ಅದರಲ್ಲಿ ಅರ್ಧ ಸುರುಸುರು ಬತ್ತಿಗೆ, ಅದನ್ನು ನಿಲ್ಲಿಸಲು ನನಗೂ ಮನಸ್ಸಿಲ್ಲ. ಆಟಿಕೆ ಬೇಕು ಅಂತ ಒಂದು ಸಲ ಕೇಳಿದರು, ಆಮೇಲೆ ಕೇಳಲಿಲ್ಲ. ಈ ವರ್ಷ ನಾದಿನಿ ಮಕ್ಕಳಿಗೂ ಸೇರಿಸಿ ಎಂಟು ಬಕೆಟ್ ಇಡುತ್ತೇನೆ, ಒಂದರಲ್ಲಿ ಹುತ್ತರಿ ಗೆಣಸು ಹಾಕಿ ನೋಡುವ ಆಸೆ ಇದೆ. ಅದಕ್ಕೆ ಬಕೆಟ್ ಸಾಲದು, ಗೋಣಿಚೀಲ ಬೇಕಾಗಬಹುದು.