ಅಷ್ಟಮಿ ಚಂದ್ರನನ್ನು ನೋಡಿ ಗಡಿಯಾರದ ತಪ್ಪು ಹಿಡಿದೆ

ಹದಿನೆಂಟು ಸೆಕೆಂಡ್. ಹೋದ ಫೆಬ್ರವರಿಯಲ್ಲಿ ನಮ್ಮ ಕಾಫಿ ಕಣದಲ್ಲಿ ನಿಂತು ಚಂದ್ರದೂರ ಅಳೆದಾಗ ನನ್ನ ಲೆಕ್ಕ ತಪ್ಪಿದ್ದು ಇಷ್ಟೇ. ಇದಕ್ಕೆ ಮೂರು ವರ್ಷ ಹಿಡಿಯಿತು. ಚಂದ್ರದೂರ ಅಂದರೆ ಆಕಾಶದಲ್ಲಿ ಚಂದ್ರನಿಗೂ ಸೂರ್ಯನಿಗೂ (ಅಥವಾ ಒಂದು ನಕ್ಷತ್ರಕ್ಕೂ) ನಡುವೆ ಇರುವ ಕೋನ. ಅದನ್ನು ಅಳೆದು ಲೆಕ್ಕ ಹಾಕಿದರೆ ಸರಿಯಾದ ಹೊತ್ತು, ಅದರಿಂದ ನಿಂತ ಜಾಗದ ರೇಖಾಂಶ ಸಿಗುತ್ತದೆ.

ಹಡಗಿನಲ್ಲಿ ದುಡಿದು ಬಂದ ನೆಂಟರೊಬ್ಬರು ಮೊದಲೇ ಹೇಳಿದ್ದರು. "ಕ್ರೋನೋಮೀಟರ್ ಅನ್ನೋ ಹಡಗಿನ ಗಡಿಯಾರ ಬಂದ ಮೇಲೆ ಸತ್ತ ವಿದ್ಯೆ ಅದು. ಚಿಕ್ಕಮಗಳೂರಲ್ಲಿ ಸಮುದ್ರವೇ ಇಲ್ಲ, ದಿಗಂತ ಎಲ್ಲಿಂದ ತರ್ತೀಯಾ? ಸುಮ್ನೆ ದುಡ್ಡು ದಂಡ."

ದುಡ್ಡಂತೂ ಹೋಯಿತು. ಕೋನ ಅಳೆಯುವ ಸಾಧನ ಸೆಕ್ಸ್‌ಟಂಟ್. ಮೊದಲು ಕೊಂಡ ಹಿತ್ತಾಳೆ ಸೆಕ್ಸ್‌ಟಂಟ್‌ಗೆ ಆರು ಸಾವಿರ. ಅದು ಶೋಕೇಸಿನಲ್ಲಿಡುವ ಸಾಮಾನು, ಸಣ್ಣ ಅಳತೆ ಓದುವ ವರ್ನಿಯರ್ ಗೀಟುಗಳು ಒಂದಕ್ಕೊಂದು ಕೂಡುತ್ತಲೇ ಇರಲಿಲ್ಲ. ಆಮೇಲೆ ಪ್ಲಾಸ್ಟಿಕ್‌ನದು, ಸುಂಕ ಸೇರಿ ಸುಮಾರು ಇಪ್ಪತ್ತೆರಡು ಸಾವಿರ. ಹತ್ತು ನಿಮಿಷ ಬಿಸಿಲಿಗೆ ಹಿಡಿದರೆ ಇಂಡೆಕ್ಸ್ ಎರರ್, ಅಂದರೆ ಸೊನ್ನೆ ತೋರಿಸಬೇಕಾದಲ್ಲಿ ತೋರುವ ತಪ್ಪು, ಎರಡು ಮೂರು ಆರ್ಕ್‌ಮಿನಿಟ್ (ಡಿಗ್ರಿಯ ಅರವತ್ತನೇ ಒಂದು ಪಾಲು) ಸರಿದುಬಿಡುತ್ತಿತ್ತು. ಚಂದ್ರದೂರದಲ್ಲಿ ಒಂದು ಆರ್ಕ್‌ಮಿನಿಟ್ ತಪ್ಪಿದರೆ ರೇಖಾಂಶ ಅರ್ಧ ಡಿಗ್ರಿ ತಪ್ಪುತ್ತದೆ, ನಮ್ಮ ಕಡೆ ಐವತ್ನಾಲ್ಕು ಕಿಲೋಮೀಟರ್. ಮೊದಲ ಲೆಕ್ಕದಲ್ಲಿ ನಮ್ಮ ತೋಟ ಕರಾವಳಿ ದಾಟಿ ಅರಬ್ಬಿ ಸಮುದ್ರದೊಳಗೆ ಹೋಗಿತ್ತು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಮೂರನೆಯದು ಹಳೆಯ ಲೋಹದ್ದು, ಹಡಗು ಒಡೆಯುವ ಅಲಂಗ್ ಕಡೆಯಿಂದ ತರಿಸಿದೆ. ಮೂವತ್ತೆಂಟೋ ನಲವತ್ತೋ ಸಾವಿರ. ಕನ್ನಡಿ ಹೊಸದು ಎಂದು ಮಾರಿದ್ದ ವ್ಯಾಪಾರಿ, ಲೇಪ ಕಿತ್ತಿದೆ ಎಂದು ಹೇಳಲು ಫೋನ್ ಮಾಡಿದರೆ ಎತ್ತಲಿಲ್ಲ. ಕನ್ನಡಿಗೆ ಮತ್ತೆ ಮೂರೂವರೆ ಸಾವಿರ ಕೊಟ್ಟೆ. ಈಗ ಪ್ರತಿ ಸಲ ಶುರುಮಾಡುವ ಮೊದಲು ಸೆಕ್ಸ್‌ಟಂಟ್‌ನಲ್ಲಿ ಕಾಣುವ ಸೂರ್ಯನ ಎರಡು ಬಿಂಬಗಳನ್ನು ಒಂದೊಂದು ಅಂಚಿಗೂ ತಾಗಿಸಿ ಓದುತ್ತೇನೆ. ಎರಡನ್ನೂ ಕೂಡಿಸಿ ನಾಲ್ಕರಿಂದ ಭಾಗಿಸಿದಾಗ ಸೂರ್ಯನ ಅರ್ಧವ್ಯಾಸ, ಫೆಬ್ರವರಿಯಲ್ಲಿ 16.2 ಆರ್ಕ್‌ಮಿನಿಟ್, ಬರದಿದ್ದರೆ ಆ ದಿನ ಅಳತೆಯೇ ಇಲ್ಲ.

ಚಂದ್ರದೂರಕ್ಕೆ ದಿಗಂತ ಬೇಡ, ಆದರೆ ಜೊತೆಗೆ ಅಳೆಯುವ ಸೂರ್ಯ ಚಂದ್ರರ ಎತ್ತರಗಳಿಗೆ ಬೇಕಲ್ವಾ? ದಿಗಂತದ ಬದಲು ಮಟ್ಟವಾಗಿ ನಿಂತ ದ್ರವದಲ್ಲಿ ಅವುಗಳ ಪ್ರತಿಬಿಂಬ ನೋಡಬಹುದು. ಎಂಜಿನ್ ಆಯಿಲ್ ಸ್ವಲ್ಪ ಗಾಳಿ ಬಂದರೂ ನಡುಗುತ್ತಿತ್ತು. ಕೊನೆಗೆ ಕೈ ಹಿಡಿದದ್ದು ಜೋನಿಬೆಲ್ಲ. ಅಗಲವಾದ ತಟ್ಟೆಯಲ್ಲಿ ಬೆರಳು ದಪ್ಪ ಸುರಿದು ಅರ್ಧ ಗಂಟೆ ಬಿಟ್ಟರೆ ಕಪ್ಪು ಗಾಜಿನ ಹಾಗೆ ಮಟ್ಟವಾಗಿ ನಿಲ್ಲುತ್ತದೆ. ಶೇಡ್ ಹಾಕಿ ನೋಡಿದರೆ ಸೂರ್ಯ ಅದರೊಳಗೆ ಒಂದು ಬಿಲ್ಲೆ. ಮೇಲಿನ ಬಿಲ್ಲೆಯನ್ನು ಇಳಿಸಿ ಅದರ ಮೇಲೆ ಕೂರಿಸಿ, ಓದಿದ್ದನ್ನು ಅರ್ಧ ಮಾಡಿದರಾಯಿತು. ಬೆಲ್ಲ ಕೆನೆಗಟ್ಟದ ಹಾಗೆ, ಇರುವೆ ಮುತ್ತದ ಹಾಗೆ ಅದಕ್ಕೆ ಏನು ಬೆರೆಸುತ್ತೇನೆ ಎಂಬುದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಇಷ್ಟಾದರೂ ಉತ್ತರ ಪ್ರತಿ ಸಲ ಹನ್ನೆರಡು ಹದಿಮೂರು ಕಿಲೋಮೀಟರ್ ಒಂದೇ ದಿಕ್ಕಿಗೆ ತಪ್ಪುತ್ತಿತ್ತು. ಒಂದೂವರೆ ವರ್ಷ ನನ್ನ ಕೈಯನ್ನೇ ದೂರಿದೆ. ತಪ್ಪು ಕೈಯದಲ್ಲ, ಗಾಳಿಯದು. ವಕ್ರೀಭವನದ, ಅಂದರೆ ಗಾಳಿಯಲ್ಲಿ ಬೆಳಕು ಬಾಗುವುದರ, ಕೋಷ್ಟಕ ಇರುವುದು ಸಮುದ್ರಮಟ್ಟದ ಗಾಳಿಗೆ, 10 ಡಿಗ್ರಿ ಚಳಿಗೆ. ನಮ್ಮ ಕಣ ಸಾವಿರ ಮೀಟರ್ ಮೇಲಿದೆ, ಆ ಹೊತ್ತಿಗೆ ಬಿಸಿಲು 28 ಡಿಗ್ರಿ. ಇಲ್ಲಿ ಬೆಳಕು ಬಾಗುವುದು ಶೇಕಡಾ ಹದಿನೈದರಷ್ಟು ಕಡಿಮೆ. ಸೂರ್ಯ 30 ಡಿಗ್ರಿ ಎತ್ತರದಲ್ಲಿದ್ದರೆ ಅದೇ ಕಾಲು ಆರ್ಕ್‌ಮಿನಿಟ್. ಒತ್ತಡ, ಉಷ್ಣಾಂಶ ಎರಡನ್ನೂ ಲೆಕ್ಕಕ್ಕೆ ಸೇರಿಸಿದ ದಿನವೇ ಆ ಹದಿಮೂರು ಕಿಲೋಮೀಟರ್ ಮಾಯವಾಯಿತು. ಮಲೆನಾಡಿನಲ್ಲಿ ಇದನ್ನು ಮಾಡಹೊರಟವರು ದಯವಿಟ್ಟು ಮೊದಲು ಇದನ್ನು ನೋಡಿಕೊಳ್ಳಿ.

ನಡುವೆ ಇನ್ನೊಂದು ಪ್ರಯೋಗವನ್ನೂ ಮಾಡಿದೆ. ತಿಥಿ ಅಂದರೂ ಚಂದ್ರ ಸೂರ್ಯನಿಂದ ಹನ್ನೆರಡು ಹನ್ನೆರಡು ಡಿಗ್ರಿ ಸರಿಯುವ ಲೆಕ್ಕವೇ ತಾನೆ? ಮನೆಯಲ್ಲಿ ಎರಡು ಪಂಚಾಂಗ ಇವೆ, ಒಂದು ಆಕಾಶದಲ್ಲಿ ಕಾಣುವುದಕ್ಕೆ ಹೊಂದಿಸಿದ ದೃಗ್ಗಣಿತದ್ದು, ಒಂದು ಹಳೆಯ ಗ್ರಂಥ ಸೂರ್ಯಸಿದ್ಧಾಂತದ ಲೆಕ್ಕದ್ದು. ಅಷ್ಟಮಿ ಮುಗಿಯುವ ಹೊತ್ತು ಎರಡರಲ್ಲೂ ಎರಡು ಗಂಟೆ ಚಿಲ್ಲರೆ ಬೇರೆ ಇತ್ತು. ಎರಡು ಗಂಟೆ ಅಂದರೆ ಒಂದು ಡಿಗ್ರಿ, ಸೆಕ್ಸ್‌ಟಂಟ್‌ಗೆ ಬಲು ದೊಡ್ಡ ಅಂತರ. ಚಂದ್ರ ಕ್ರಾಂತಿವೃತ್ತ, ಅಂದರೆ ಆಕಾಶದಲ್ಲಿ ಸೂರ್ಯನ ದಾರಿ, ಬಿಟ್ಟು ಐದು ಡಿಗ್ರಿ ಅತ್ತಿತ್ತ ಇದ್ದರೂ ಚಂದ್ರದೂರ 90 ಡಿಗ್ರಿಯ ಹತ್ತಿರವಿದ್ದಾಗ ಅದು ಹೆಚ್ಚು ಬಾಧಿಸುವುದಿಲ್ಲ. ನನ್ನ ಅಳತೆ ದೃಗ್ಗಣಿತಕ್ಕೇ ಕೂಡಿತು. ನಮ್ಮತ್ತೆ ಅಂದಿನಿಂದ ಆಕಾಶದ ವಿಷಯ ನನ್ನನ್ನೇ ಕೇಳುತ್ತಾರೆ.

ಕೊನೆಯ ಪರೀಕ್ಷೆಗೆ ಅದೇ ನೆಂಟರನ್ನು ಕರೆದೆ. ಅವರು ನನ್ನ ಕೈಗಡಿಯಾರವನ್ನು ಬೇಕೆಂದೇ ಮುಂದೆ ತಿರುಗಿಸಿ, ಎಷ್ಟು ಎಂದು ಚೀಟಿಯಲ್ಲಿ ಬರೆದು, ಮಡಿಸಿ ಜೇಬಿಗಿಟ್ಟುಕೊಂಡರು. ನನ್ನ ಫೋನೂ ಅವರ ಹತ್ತಿರವೇ. ಶುಕ್ಲ ಅಷ್ಟಮಿ, ಸಂಜೆ ನಾಲ್ಕರ ಸುಮಾರು. ಹತ್ತು ಸಲ ಸೂರ್ಯನ ಅಂಚಿಗೆ ಚಂದ್ರನ ಅಂಚು ತಾಗಿಸಿದೆ. ಗ್ರಾಫ್‌ನಲ್ಲಿ ಎರಡು ಅಳತೆ ಸಾಲು ತಪ್ಪಿದ್ದವು, ಬಿಟ್ಟೆ. ಯಾವುದನ್ನು ಬಿಡಬೇಕು ಎಂದು ತಿಳಿಯುವ ಗುಟ್ಟು ಇನ್ನೊಮ್ಮೆ ಹೇಳುತ್ತೇನೆ.

ನಾವಿಕರ ಪಂಚಾಂಗವಾದ ನಾಟಿಕಲ್ ಆಲ್ಮನಾಕ್ 1906ಕ್ಕೇ ಚಂದ್ರದೂರದ ಕೋಷ್ಟಕ ಕೊಡುವುದನ್ನು ಬಿಟ್ಟಿದ್ದರಿಂದ ಪೂರ್ತಿ ಲೆಕ್ಕ ನಾನೇ ಮಾಡಬೇಕು. ಕ್ಯಾಲ್ಕುಲೇಟರ್ ಹಿಡಿದು ಕೂತೆ, ಮುಗಿಯುವಾಗ ದೀಪ ಹಚ್ಚುವ ಹೊತ್ತು. "ಗಡಿಯಾರ 17 ನಿಮಿಷ 43 ಸೆಕೆಂಡ್ ಮುಂದಿದೆ" ಅಂದೆ.

ಅವರು ಚೀಟಿ ಬಿಚ್ಚಿದರು. 17 ನಿಮಿಷ 25 ಸೆಕೆಂಡ್. ರೇಖಾಂಶಕ್ಕೆ ತಂದರೆ ಎಂಟು ಕಿಲೋಮೀಟರ್. ಅವರು ಏನೂ ಹೇಳಲಿಲ್ಲ. ಸೆಕ್ಸ್‌ಟಂಟ್ ಕೈಗೆ ತಗೊಂಡು ಚಂದ್ರನ ಕಡೆ ತಿರುಗಿಸಿ ತುಂಬಾ ಹೊತ್ತು ನೋಡುತ್ತಾ ನಿಂತರು. ಮಳೆಗಾಲ ಕಳೆದ ಮೇಲೆ ರಾತ್ರಿ ಹೊತ್ತು ರೋಹಿಣಿ ನಕ್ಷತ್ರ ಹಿಡಿದು ಮಾಡೋಣ ಎಂದಿದ್ದಾರೆ.