ಹಳೆ ಗಾಡಿಯ ಪವರ್ ಸ್ಟೀರಿಂಗ್ ಆಯಿಲ್ ಸೋರುತ್ತಿದ್ದರೆ

ಪವರ್ ಸ್ಟೀರಿಂಗ್ ಆಯಿಲ್ ಸೋರುತ್ತಿದೆ ಅಂದ ಕೂಡಲೇ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ ಮಾತು: "ರ‍್ಯಾಕ್ ಹೋಗಿದೆ, ಬದಲಾಯಿಸಿಬಿಡಿ." ರ‍್ಯಾಕ್ ಅಂದರೆ ಸ್ಟೀರಿಂಗ್ ತಿರುಗಿಸಿದಾಗ ಮುಂದಿನ ಚಕ್ರಗಳನ್ನು ಎಡಕ್ಕೆ ಬಲಕ್ಕೆ ತಳ್ಳುವ ಉದ್ದನೆಯ ಭಾಗ. ಈ ಮಾತನ್ನು ನಾನು ಸುಲಭಕ್ಕೆ ಒಪ್ಪುವುದಿಲ್ಲ. ಈ ಇಡೀ ವ್ಯವಸ್ಥೆಯಲ್ಲಿ ಎಲ್ಲಕ್ಕಿಂತ ಕೆಳಗಿರುವುದು ರ‍್ಯಾಕ್. ಮೇಲೆ ಎಲ್ಲೇ ಸೋರಿದರೂ ಆಯಿಲ್ ಇಳಿದು ಬಂದು ನಿಲ್ಲುವುದು ಅದರ ಮೈಮೇಲೆ. ಒದ್ದೆ ಆಗಿದೆ ಅಂತ ಅದರ ಮೇಲೇ ತಪ್ಪು ಹೊರಿಸಿದರೆ ಹೇಗೆ? ನನ್ನ ಹಳೆ ಕಾರಿನಲ್ಲಿ ರ‍್ಯಾಕ್ ಪೂರ್ತಿ ಒದ್ದೆಯಾಗಿತ್ತು. ಸೋರುತ್ತಿದ್ದದ್ದು ಮಾತ್ರ ಮೇಲೆ ಆಯಿಲ್ ತುಂಬುವ ಡಬ್ಬಿಗೆ ಸೇರುವ ರಿಟರ್ನ್ ಹೋಸಿನ ತುದಿ.

ಮೊದಲು ಅದು ಸ್ಟೀರಿಂಗ್ ಆಯಿಲ್ಲೇ ಹೌದಾ ನೋಡಿಕೊಳ್ಳಿ. ಗಾಡಿ ಕೆಳಗೆ ರಾತ್ರಿ ಒಂದು ರಟ್ಟು ಹಾಕಿಡಿ. ಬಿದ್ದ ಹನಿ ಕೆಂಪಗೋ ಕಂದಾಗೋ ಇದ್ದು, ಬೆರಳಲ್ಲಿ ಉಜ್ಜಿದರೆ ಜಾರಿದರೆ ಅದು ಆಯಿಲ್. ಕೂಲೆಂಟ್ ಕೂಡ ಕೆಂಪು ಅಥವಾ ಹಸಿರು ಇರಬಹುದು, ಆದರೆ ಅದು ನೀರಿನಲ್ಲಿ ಬೆರೆಯುತ್ತದೆ, ಆಯಿಲ್ ತೇಲುತ್ತದೆ. ಆಟೋಮ್ಯಾಟಿಕ್ ಗೇರ್ ಬಾಕ್ಸ್ ಇರುವ ಗಾಡಿಯಾದರೆ ಅದರ ಆಯಿಲ್ಲೂ ಕೆಂಪಗೇ ಇರುತ್ತದೆ. ಹಾಗಾಗಿ ಸ್ಟೀರಿಂಗ್ ಡಬ್ಬಿಯಲ್ಲಿ ಮಟ್ಟ ಇಳಿದಿದೆಯಾ ಅನ್ನುವುದೇ ಖಚಿತ ಸಾಕ್ಷಿ. ಈ ಆಯಿಲ್ ಎಂಜಿನ್ ಆಯಿಲ್ ಥರ ಉರಿದು ಖರ್ಚಾಗುವುದಿಲ್ಲ. ಮಟ್ಟ ಇಳಿಯುತ್ತಿದೆ ಅಂದರೆ ಎಲ್ಲೋ ಹೊರಗೆ ಹೋಗುತ್ತಿದೆ ಅಂತಲೇ ಅರ್ಥ.

ಆಯಿಲ್ ಓಡುವ ದಾರಿ ಸರಳ. ಡಬ್ಬಿಯಿಂದ ಪಂಪಿಗೆ, ಪಂಪಿನಿಂದ ಪ್ರೆಶರ್ ಹೋಸ್ ಮೂಲಕ ರ‍್ಯಾಕಿಗೆ, ಅಲ್ಲಿಂದ ರಿಟರ್ನ್ ಹೋಸ್ ಮೂಲಕ ವಾಪಸ್ ಡಬ್ಬಿಗೆ. ಪಂಪನ್ನು ತಿರುಗಿಸುವುದು ಎಂಜಿನ್ ಬೆಲ್ಟ್. ದೊಡ್ಡ ಹಳೆ ಗಾಡಿಗಳಲ್ಲಿ ರ‍್ಯಾಕ್ ಬದಲು ಸ್ಟೀರಿಂಗ್ ಬಾಕ್ಸ್ ಇರುತ್ತದೆ, ಅಷ್ಟೇ. 1951ರಲ್ಲಿ ಕ್ರೈಸ್ಲರ್ ಇಂಪೀರಿಯಲ್ ಕಾರಿನ ಜೊತೆ ಮಾರಾಟಕ್ಕೆ ಬಂದಾಗಿನಿಂದ ಇದರ ಮೂಲ ಲೆಕ್ಕ ಹೆಚ್ಚೇನೂ ಬದಲಾಗಿಲ್ಲ. ನೆನಪಿಡಬೇಕಾದದ್ದು ಒಂದು: ಸ್ಟೀರಿಂಗ್ ಫುಲ್ ಕಟ್ ಮಾಡಿ ಹಿಡಿದಾಗ ಪ್ರೆಶರ್ ಹೋಸಿನ ಒಳಗೆ ಒತ್ತಡ ಸಾಮಾನ್ಯವಾಗಿ 1,000 ಪಿಎಸ್‌ಐ ದಾಟುತ್ತದೆ. ರಿಟರ್ನ್ ಹೋಸಿನಲ್ಲಿ ಅದರ ಒಂದು ಚೂರು ಮಾತ್ರ. ಅದಕ್ಕೇ ರಿಟರ್ನ್ ಕಡೆ ಬರೀ ಕ್ಲಾಂಪ್ ಸಾಕು. ಪ್ರೆಶರ್ ಕಡೆ ಲೋಹದ ಫಿಟ್ಟಿಂಗನ್ನು ಹೋಸಿಗೆ ಒತ್ತಿ ಕೂರಿಸಿರುತ್ತಾರೆ.

ಈಗ ಹುಡುಕುವ ಕೆಲಸ. ಎಂಜಿನ್ ತಣ್ಣಗಾದ ಮೇಲೆ ಡಬ್ಬಿ, ಪಂಪ್, ಹೋಸ್, ರ‍್ಯಾಕ್ ಎಲ್ಲವನ್ನೂ ಡಿಗ್ರೀಸರ್ ಹಾಕಿ ತೊಳೆದು ಒರೆಸಿ. ಬೆಲ್ಟಿಗೆ ಮತ್ತು ಆಲ್ಟರ್ನೇಟರ್‌ಗೆ ಸಿಡಿಯದ ಹಾಗೆ ಪ್ಲಾಸ್ಟಿಕ್ ಮುಚ್ಚಿ. ವರ್ಷಗಟ್ಟಲೆ ಕೂತ ಜಿಡ್ಡಿನ ಮೇಲೆ ಹೊಸ ಸೋರಿಕೆ ಕಾಣುವುದಿಲ್ಲ, ಹಾಗಾಗಿ ಈ ಹೆಜ್ಜೆ ಬಿಡಬೇಡಿ. ಒಣಗಿದ ಮೇಲೆ ಅನುಮಾನ ಇರುವ ಜಾಗಕ್ಕೆ ಟಾಲ್ಕಂ ಪೌಡರ್ ಉದುರಿಸಿ. ಗಾಡಿ ನ್ಯೂಟ್ರಲ್‌ನಲ್ಲಿಟ್ಟು, ಹ್ಯಾಂಡ್ ಬ್ರೇಕ್ ಎಳೆದು ಎಂಜಿನ್ ಶುರು ಮಾಡಿ. ಇನ್ನೊಬ್ಬರು ಒಳಗೆ ಕೂತು ಸ್ಟೀರಿಂಗನ್ನು ಎಡಕ್ಕೆ ಬಲಕ್ಕೆ ನಿಧಾನ ತಿರುಗಿಸಲಿ. ನೀವು ಟಾರ್ಚ್ ಹಿಡಿದು ಬಾನೆಟ್ ಕಡೆಯಿಂದ ನೋಡಿ, ಬೆಲ್ಟ್ ಫ್ಯಾನ್‌ಗಳಿಂದ ಕೈ, ಬಟ್ಟೆ ದೂರ ಇರಲಿ. ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಯಾವತ್ತೂ ಹೋಗಬೇಡಿ, ಸ್ಟ್ಯಾಂಡ್ ಬೇಕೇ ಬೇಕು.

ಪೌಡರ್ ಎಲ್ಲಿ ಮೊದಲು ಕಪ್ಪಾಗುತ್ತದೋ ಅಲ್ಲೇ ಕಳ್ಳ ಇದ್ದಾನೆ. ಒದ್ದೆಯಾದ ಜಾಗಗಳಲ್ಲಿ ಎಲ್ಲಕ್ಕಿಂತ ಮೇಲಿನದನ್ನು ಹಿಡಿಯಿರಿ, ಕೆಳಗಿನವನ್ನು ಸದ್ಯಕ್ಕೆ ಮರೆತುಬಿಡಿ. ಒಂದು ಎಚ್ಚರಿಕೆ: ಎಂಜಿನ್ ಓಡುವಾಗ ಪ್ರೆಶರ್ ಹೋಸನ್ನು ಕೈಯಲ್ಲಿ ಸವರಿ ನೋಡಬೇಡಿ. ಸೂಜಿ ಮೊನೆಯಷ್ಟು ತೂತಿನಿಂದ ಚಿಮ್ಮುವ ಆಯಿಲ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಸಣ್ಣ ಗಾಯ ಕಂಡರೂ ಅದು ತಕ್ಷಣ ಆಸ್ಪತ್ರೆಗೆ ಹೋಗಬೇಕಾದ ಗಾಯ.

ಹಳೆ ಗಾಡಿಗಳಲ್ಲಿ ನಾನು ಮೊದಲು ಅನುಮಾನ ಪಡುವುದು ರಿಟರ್ನ್ ಹೋಸಿನ ಮೇಲೆ. ನನ್ನ ಕಾರಿನಲ್ಲಿ ಈ ಹೋಸ್ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಪಕ್ಕದಲ್ಲೇ ಹಾದು ಹೋಗುತ್ತದೆ. ಹೊರಗಿನಿಂದ ಹೋಸ್ ಚೆನ್ನಾಗೇ ಇತ್ತು. ಕ್ಲಾಂಪ್ ಸಡಿಲಿಸಿ ಹಿಂದಕ್ಕೆ ಸರಿಸಿದ ಮೇಲೆ, ಅದು ಕೂತಿದ್ದ ಜಾಗದಲ್ಲಿ ಉದ್ದುದ್ದ ಬಿರುಕುಗಳು ಕಂಡವು. ರಬ್ಬರ್ ಉಗುರಲ್ಲಿ ಒತ್ತಿದರೂ ತಗ್ಗದಷ್ಟು ಗಟ್ಟಿಯಾಗಿತ್ತು. ಇಂಥ ಹೋಸಿಗೆ ಕ್ಲಾಂಪ್ ಎಷ್ಟು ಬಿಗಿ ಮಾಡಿದರೂ ಪ್ರಯೋಜನ ಇಲ್ಲ. ಬಿರುಕು ತುದಿಯಲ್ಲಿ ಮಾತ್ರ ಇದ್ದು ಹೋಸ್ ಉದ್ದ ಇದ್ದರೆ 2 ಸೆಂಟಿಮೀಟರ್ ಕತ್ತರಿಸಿ ಮತ್ತೆ ಹಾಕಬಹುದು. ಆದರೆ ಒಂದು ತುದಿ ಸತ್ತಿದ್ದರೆ ಇನ್ನೊಂದಕ್ಕೂ ಆಯಸ್ಸು ಜಾಸ್ತಿ ಇರುವುದಿಲ್ಲ. ನಾನಂತೂ ಪೂರ್ತಿ ಬದಲಾಯಿಸುತ್ತೇನೆ.

ಕೆಳಗೆ ಟ್ರೇ ಇಟ್ಟು, ಡಬ್ಬಿಯ ಆಯಿಲನ್ನು ದೊಡ್ಡ ಸಿರಿಂಜಿನಿಂದ ಎಳೆದು ತೆಗೆಯಿರಿ. ಹಳೆ ಹೋಸ್ ಪೈಪಿಗೆ ಕಚ್ಚಿ ಹಿಡಿದಿರುತ್ತದೆ. ಎಳೆದಾಡಿದರೆ ಪ್ಲಾಸ್ಟಿಕ್ ಡಬ್ಬಿಯ ಮೂತಿ ಮುರಿಯುತ್ತದೆ, ಆಮೇಲೆ ಡಬ್ಬಿಯನ್ನೂ ಹುಡುಕಬೇಕು. ಮೊದಲು ಹೋಸನ್ನು ಸ್ವಲ್ಪ ತಿರುಚಿ ನೋಡಿ. ಜಗ್ಗದಿದ್ದರೆ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಆದರೆ ಬ್ಲೇಡ್ ಮೂತಿಗೆ ತಾಗದ ಹಾಗೆ ಅರ್ಧ ಆಳಕ್ಕೆ ಮಾತ್ರ. ಉಳಿದದ್ದು ಬಗ್ಗಿಸಿದರೆ ಬಿಟ್ಟುಕೊಳ್ಳುತ್ತದೆ. ಹೊಸ ಹೋಸ್ ಪವರ್ ಸ್ಟೀರಿಂಗ್ ರಿಟರ್ನಿಗೇ ಮಾಡಿದ್ದಾಗಿರಬೇಕು, ಮೇಲೆ ಎಸ್‌ಎಇ ಜೆ189 ಅಂತ ಈ ಬಗೆಯ ಹೋಸಿನ ಗುಣಮಟ್ಟದ ಗುರುತು ಅಚ್ಚಾಗಿದ್ದರೆ ಒಳ್ಳೆಯದು. ರೇಡಿಯೇಟರ್ ಹೋಸ್ ತುಂಡು ಹಾಕುವವರೂ ಇದ್ದಾರೆ. ಅದು ಆಯಿಲ್ ಕುಡಿದು ಊದಿಕೊಂಡು ಮೆತ್ತಗಾಗಿ ಕಳಚಿಕೊಳ್ಳುತ್ತದೆ. ಕ್ಲಾಂಪನ್ನು ಮೂತಿಯ ಉಬ್ಬಿನ ಮೇಲಲ್ಲ, ಉಬ್ಬು ದಾಟಿದ ಮೇಲೆ ಕೂರಿಸಿ.

ಡಬ್ಬಿ ನೇರ ಪಂಪಿನ ಮೇಲೇ ಕೂತಿದ್ದರೆ ನಡುವಿನ ಓರಿಂಗ್ (ರಬ್ಬರ್ ಬಳೆ) ಗಟ್ಟಿಯಾಗಿರಬಹುದು. ಅಗ್ಗದ ವಸ್ತು, ಬದಲಾಯಿಸಿ. ಹಾಕುವ ಮುನ್ನ ಹೊಸದಕ್ಕೆ ಅದೇ ಆಯಿಲ್ ಸವರಿ. ಡಬ್ಬಿ ಕೈಯಲ್ಲಿದ್ದಾಗ ತಳದಲ್ಲಿ ಜಾಲರಿ ಇದೆಯಾ ನೋಡಿ. ಕೆಲವು ಗಾಡಿಗಳಲ್ಲಿ ಇರುತ್ತದೆ. ಅದು ಕಟ್ಟಿಕೊಂಡಿದ್ದರೆ ಪಂಪಿಗೆ ಸಾಕಷ್ಟು ಆಯಿಲ್ ಸಿಗದೆ ಗುಂಯ್ ಅನ್ನುತ್ತದೆ.

ಪ್ರೆಶರ್ ಹೋಸ್ ಸಾಮಾನ್ಯವಾಗಿ ಸೋರುವುದು ರಬ್ಬರ್ ಮತ್ತು ಲೋಹ ಸೇರುವ ಕಡೆ. ಅಲ್ಲಿ ಕ್ಲಾಂಪ್, ಎಂ-ಸೀಲ್, ಟೇಪು ಯಾವುದೂ ನಿಲ್ಲುವುದಿಲ್ಲ, ಸುಮ್ನೆ ಹೊತ್ತು ಹಾಳು. ಹೊಸ ಹೋಸ್ ತನ್ನಿ, ಅಥವಾ ಹೈಡ್ರಾಲಿಕ್ ಹೋಸ್ ಮಾಡುವವರ ಹತ್ತಿರ ಹಳೆಯದನ್ನು ಕೊಟ್ಟು ಅದೇ ಅಳತೆಗೆ ಮಾಡಿಸಿ. ನಟ್ಟಿಗೆ ಅದರ ಸುತ್ತ ಹಿಡಿಯುವ ಫ್ಲೇರ್ ನಟ್ ಸ್ಪ್ಯಾನರ್ ಬಳಸಿ, ಮಾಮೂಲಿ ಓಪನ್ ಸ್ಪ್ಯಾನರ್ ಮೂಲೆ ಸವೆಸುತ್ತದೆ. ಬ್ಯಾಂಜೋ ಬೋಲ್ಟ್ (ಆಯಿಲ್ ಹರಿಯಲು ನಡುವೆ ತೂತಿರುವ ಬೋಲ್ಟ್) ಇದ್ದರೆ ಎರಡೂ ಬದಿಯ ತಾಮ್ರದ ವಾಷರ್ ಹೊಸದೇ ಹಾಕಿ. ಹೋಸ್ ಎಕ್ಸಾಸ್ಟಿಗೆ ತಾಗದ ಹಾಗೆ ಮೊದಲಿದ್ದ ದಾರಿಯಲ್ಲೇ ಕೂರಿಸಿ. ಬಿಸಿ ಎಕ್ಸಾಸ್ಟ್ ಮೇಲೆ ಈ ಆಯಿಲ್ ಬಿದ್ದರೆ ಬೆಂಕಿ ಹೊತ್ತಿಕೊಳ್ಳಬಹುದು.

ಪುಲ್ಲಿ ಹಿಂದಿನಿಂದ ಸೋರಿ, ಬೆಲ್ಟ್ ಒದ್ದೆಯಾಗಿ ಕಿರುಚುತ್ತಿದ್ದರೆ ಅದು ಪಂಪಿನ ಶಾಫ್ಟ್ ಸೀಲ್. ಸೀಲ್ ಅಗ್ಗ, ಆದರೆ ಪುಲ್ಲಿ ತೆಗೆಯಲು ಪುಲ್ಲರ್ ಬೇಕು. ಸುತ್ತಿಗೆ ಎತ್ತಬೇಡಿ. ಶಾಫ್ಟಿನಲ್ಲಿ ಸೀಲ್ ಕೂರುವ ಜಾಗ ಉಗುರಿಗೆ ತಾಗುವಷ್ಟು ಸವೆದಿದ್ದರೆ ಹೊಸ ಸೀಲೂ ನಿಲ್ಲುವುದಿಲ್ಲ, ಪಂಪೇ ಬದಲಾಗಬೇಕು. ಆಯಿಲ್ ಕುಡಿದ ಬೆಲ್ಟನ್ನೂ ಉಳಿಸಿಕೊಳ್ಳಬೇಡಿ.

ರ‍್ಯಾಕ್ ನಿಜವಾಗಿ ಹೋಗಿದೆಯಾ ಅಂತ ತಿಳಿಯಲು ಅದರ ತುದಿಯ ರಬ್ಬರ್ ಬೂಟ್ ನೋಡಿ. ಬೂಟಿನ ಒಳಬದಿಯ ಕ್ಲಿಪ್ ಬಿಚ್ಚಿ ಸರಿಸಿದಾಗ ಆಯಿಲ್ ಸುರಿದರೆ ಒಳಗಿನ ಸೀಲ್ ಹೋಗಿದೆ ಅಂತ ಲೆಕ್ಕ. ಹೊರಗೆ ಮಾತ್ರ ಒದ್ದೆಯಿದ್ದು ಒಳಗೆ ಒಣಗಿದ್ದರೆ ರ‍್ಯಾಕ್ ನಿರಪರಾಧಿ. ಹೋಗಿದ್ದರೆ ಮನೆಯಲ್ಲಿ ಬಿಚ್ಚುವ ಗೋಜಿಗೆ ಹೋಗಬೇಡಿ. ಬದಲಾಯಿಸಿದ ಮೇಲೆ ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು. ಏರ್ ಬ್ಯಾಗ್ ಇರುವ ಗಾಡಿಯಲ್ಲಿ ಸ್ಟೀರಿಂಗ್ ಕಾಲಂ ಕಳಚಿದಾಗ ಸ್ಟೀರಿಂಗ್ ವೀಲ್ ತಾನಾಗಿ ಸುತ್ತಿದರೆ ಒಳಗಿನ ಕ್ಲಾಕ್ ಸ್ಪ್ರಿಂಗ್ (ಏರ್ ಬ್ಯಾಗಿಗೆ ಕರೆಂಟ್ ಒಯ್ಯುವ ಸುರುಳಿ ತಂತಿ) ಹರಿದುಹೋಗುತ್ತದೆ.

ಸ್ಟಾಪ್ ಲೀಕ್ ಡಬ್ಬ ಸುರಿದರೆ ಆಗಲ್ವಾ ಅಂತ ಕೇಳುವವರಿಗೆ: ಅದು ಗಟ್ಟಿಯಾದ ಸೀಲನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ. ಸೀಲ್ ಹತ್ತಿರ ಜಿನುಗುತ್ತಿದ್ದರೆ ಕೆಲವು ದಿನ ತಳ್ಳಬಹುದು. ಹರಿದ ಹೋಸಿಗೆ ಅದರಿಂದ ಏನೂ ಆಗುವುದಿಲ್ಲ.

ಆಯಿಲ್ ಯಾವುದು ಅನ್ನುವುದನ್ನು ಬಣ್ಣ ನೋಡಿ ತೀರ್ಮಾನಿಸಬೇಡಿ. ಡಬ್ಬಿಯ ಮುಚ್ಚಳದ ಮೇಲೋ ಗಾಡಿಯ ಪುಸ್ತಕದಲ್ಲೋ ಬರೆದಿರುತ್ತದೆ. ಬಹಳ ಹಳೆ ಗಾಡಿಗಳಿಗೆ ಡೆಕ್ಸ್ರಾನ್ ಎಟಿಎಫ್ (ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಆಯಿಲ್) ನಡೆಯುತ್ತದೆ. ಹೋಂಡಾ ತನ್ನದೇ ಆಯಿಲ್ ಕೇಳುತ್ತದೆ. ಕೆಲವು ಯುರೋಪಿನ ಕಾರುಗಳಿಗೆ ಸಿಎಚ್‌ಎಫ್ 11ಎಸ್ ಎಂಬ ಹಸಿರು ಆಯಿಲ್ ಬೇಕು. ತಪ್ಪು ಆಯಿಲ್ ಹಾಕಿದರೆ ಇವತ್ತು ಸರಿಮಾಡಿದ ಸೋರಿಕೆ ನಾಳೆ ಇನ್ನೊಂದು ಸೀಲಿನಲ್ಲಿ ಶುರುವಾಗುತ್ತದೆ. ಬ್ರೇಕ್ ಆಯಿಲ್ ಅಂತೂ ಇದರ ಹತ್ತಿರಕ್ಕೂ ಬರಬಾರದು.

ಕೊನೆಗೆ ಏರ್ ತೆಗೆಯುವುದು. ಇಲ್ಲಿ ಅವಸರ ಮಾಡುವವರೇ ಜಾಸ್ತಿ. ಮುಂದಿನ ಎರಡೂ ಚಕ್ರ ಎತ್ತಿ ಸ್ಟ್ಯಾಂಡ್ ಕೊಡಿ. ಡಬ್ಬಿ ತುಂಬಿಸಿ. ಎಂಜಿನ್ ಶುರು ಮಾಡದೆ, ಕೀ ತಿರುಗಿಸಿ ಸ್ಟೀರಿಂಗ್ ಲಾಕ್ ಮಾತ್ರ ಬಿಡಿಸಿಕೊಂಡು ಈ ತುದಿಯಿಂದ ಆ ತುದಿಗೆ 20 ಸಲ ನಿಧಾನ ತಿರುಗಿಸಿ. ನಡುನಡುವೆ ಡಬ್ಬಿ ನೋಡುತ್ತಿರಿ. ಗುಳ್ಳೆ ಎದ್ದು ಮಟ್ಟ ಇಳಿಯುತ್ತದೆ, ಆಯಿಲ್ ಸೇರಿಸಿ. ಗುಳ್ಳೆ ನಿಂತ ಮೇಲೆ ಎಂಜಿನ್ ಶುರು ಮಾಡಿ ಮತ್ತೆ ಅದೇ ರೀತಿ ತಿರುಗಿಸಿ. ತುದಿಯಲ್ಲಿ 5 ಸೆಕೆಂಡಿಗಿಂತ ಹೆಚ್ಚು ಹಿಡಿಯಬೇಡಿ, ಪಂಪ್ ಬಿಸಿಯಾಗುತ್ತದೆ. ಡಬ್ಬಿಯಲ್ಲಿ ನೊರೆ ಎದ್ದು ಆಯಿಲ್ ಹಾಲು ಬೆರೆತ ಹಾಗೆ ಮಸುಕಾದರೆ ಒಳಗೆ ಇನ್ನೂ ಏರ್ ಇದೆ. ಎಂಜಿನ್ ನಿಲ್ಲಿಸಿ ಅರ್ಧ ಗಂಟೆ ಬಿಡಿ, ನೊರೆ ಇಳಿದ ಮೇಲೆ ಮುಂದುವರಿಸಿ.

ಮಟ್ಟಕ್ಕೆ ಡಬ್ಬಿಯಲ್ಲಿ ತಣ್ಣಗಿರುವಾಗ ಒಂದು ಗೆರೆ, ಬಿಸಿಯಿದ್ದಾಗ ಒಂದು ಗೆರೆ ಇರುತ್ತದೆ. ತಣ್ಣನೆಯ ಗಾಡಿಗೆ ಬಿಸಿ ಗೆರೆಯವರೆಗೆ ತುಂಬಿದರೆ ಆಮೇಲೆ ಉಕ್ಕಿ, ಮತ್ತೆ ಸೋರುತ್ತಿದೆ ಅಂತ ಗಾಬರಿಯಾಗುತ್ತೀರಿ. ಎರಡು ಮೂರು ದಿನ ಓಡಿಸಿ, ಹೊಸ ಹೋಸಿನ ಕ್ಲಾಂಪ್ ಮುಟ್ಟಿ ನೋಡಿ, ಸಾಮಾನ್ಯವಾಗಿ ಇನ್ನೊಂದು ಕಾಲು ಸುತ್ತು ಬಿಗಿ ಕೇಳುತ್ತದೆ. ತೆಗೆದ ಆಯಿಲನ್ನು ಚರಂಡಿಗೆ ಸುರಿಯದೆ ಕ್ಯಾನಿಗೆ ತುಂಬಿ, ಹಳೆ ಎಂಜಿನ್ ಆಯಿಲ್ ತೆಗೆದುಕೊಳ್ಳುವವರಿಗೇ ಕೊಟ್ಟುಬಿಡಿ.